ಎಡಗಡೆ ನಲ್ಲಿಯ ನೀರು

ನನ್ನ ಬಾಯಿ ಜೋರು. ಸೂಲಿಬೆಲೆ ಸಂತೆಯಲ್ಲಿ ತೂಕದಲ್ಲಿ ಹೊಡೆಯುವವನಿಂದ ಹಿಡಿದು, ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವನವರೆಗೆ ಯಾರನ್ನೂ ಬಿಟ್ಟವಳಲ್ಲ. "ಇವಳ ಬಾಯಿಗೆ ಬೀಗ ಹಾಕೋನು ಇನ್ನೂ ಹುಟ್ಟಿಲ್ಲ" ಎಂದು ನನ್ನ ಗಂಡನೇ ನೆಂಟರ ಮುಂದೆ ನಗುತ್ತಾನೆ. ಅಂಥ ನಾನು ಒಂದು ಮಧ್ಯಾಹ್ನ ಹೊಸಕೋಟೆಯ ಆಸ್ಪತ್ರೆಯಲ್ಲಿ, ಡಾಕ್ಟರ್ ಕೇಳಿದ ಒಂದೇ ಒಂದು ಪ್ರಶ್ನೆಗೆ ಉತ್ತರ ಹೇಳಲಾರದೆ ನಿಂತುಬಿಟ್ಟೆ. ಎಷ್ಟು ಹೊತ್ತು ನಿಂತಿದ್ದೆನೋ ತಿಳಿಯದು.

ನಾನು ಕೆಲಸ ಮಾಡುವುದು ನಮ್ಮೂರಿಂದ ಸ್ವಲ್ಪ ದೂರದಲ್ಲಿ, ದೇವನಹಳ್ಳಿ ರಸ್ತೆಯ ಒಂದು ಶೆಡ್ಡಿನಲ್ಲಿ. ಬಿಸಿಲಿನಿಂದ ಸಮುದ್ರದ ನೀರನ್ನು ಸಿಹಿ ನೀರು ಮಾಡುವ ಪೆಟ್ಟಿಗೆಗಳನ್ನು ಅಲ್ಲಿ ತಯಾರಿಸುತ್ತೇವೆ. ನಗಬೇಡಿ. ಇಲ್ಲಿಂದ ಸಮುದ್ರ ಮುಟ್ಟಬೇಕಾದರೆ ಅರ್ಧ ದಿನ ಲಾರಿ ಓಡಬೇಕು, ಅದು ನನಗೂ ಗೊತ್ತು. ಶೆಡ್ಡು ನಡೆಸುವ ಇಂಜಿನಿಯರ್ ಸಾರ್‌ಗೆ ಜಾಗ ಇಲ್ಲಿ ಸಿಕ್ಕಿತು, ತಗಡು ಬಗ್ಗಿಸುವವರು, ಗಾಜು ಕೊಯ್ಯುವವರು ಇಲ್ಲಿ ಸಿಕ್ಕರು, ಬಿಸಿಲಿಗಂತೂ ಬರವಿಲ್ಲ. ಚೆನ್ನೈ ಕಡೆಯಿಂದ ನೀಲಿ ಡ್ರಮ್ಮುಗಳಲ್ಲಿ ಸಮುದ್ರದ ನೀರು ಬರುತ್ತದೆ. ಅದರಲ್ಲೇ ಪ್ರತಿ ಪೆಟ್ಟಿಗೆಯನ್ನೂ ಪರೀಕ್ಷೆ ಮಾಡಿ, ಆಮೇಲೆ ಕರಾವಳಿಯ ಹಳ್ಳಿಗಳಿಗೆ ಕಳಿಸುತ್ತೇವೆ. ಕರೆಂಟ್ ಬೇಡ, ಫಿಲ್ಟರ್ ಬೇಡ, ಕ್ಯಾನ್ ನೀರು ಕೊಳ್ಳಲಾಗದವರ ಮನೆಗೂ ಒಂದು ಪೆಟ್ಟಿಗೆ ಬರಬೇಕು ಎನ್ನುವುದು ಸಾರ್ ಅವರ ಹಟ.

ಪೆಟ್ಟಿಗೆಯೊಳಗೆ ಕಪ್ಪು ಬಳಿದ ಅಗಲವಾದ ತಟ್ಟೆ, ಮೇಲೆ ಓರೆಯಾಗಿ ಕೂರಿಸಿದ ಗಾಜು. ತಟ್ಟೆಗೆ ಸಮುದ್ರದ ನೀರು ಹೊಯ್ದರೆ ಬಿಸಿಲಿಗೆ ಆವಿಯಾಗಿ ಗಾಜಿನ ಒಳಗೆ ಹನಿಗಟ್ಟಿ, ಜಾರಿ, ಬಲಗಡೆಯ ನಲ್ಲಿಯಲ್ಲಿ ಸಿಹಿ ನೀರಾಗಿ ಬರುತ್ತದೆ. ಅನ್ನ ಬೇಯಿಸುವ ಪಾತ್ರೆಯ ಮುಚ್ಚಳದಲ್ಲಿ ಹನಿ ಕೂರುವುದಿಲ್ಲವೇ, ಅಷ್ಟೇ ಕತೆ. ಆದರೆ ಉಪ್ಪು ಎಲ್ಲಿಗೂ ಹೋಗುವುದಿಲ್ಲ, ತಟ್ಟೆಯಲ್ಲೇ ಉಳಿಯುತ್ತದೆ. ಸಂಜೆ ಎಡಗಡೆಯ ನಲ್ಲಿ ತಿರುಗಿಸಿದರೆ ಆ ಉಳಿಕೆ ನೀರು ಹೊರಗೆ ಬರುತ್ತದೆ. ನೋಡಲು ತಿಳಿಯಾಗಿಯೇ ಇರುತ್ತದೆ, ಆದರೆ ಡ್ರಮ್ಮಿನ ನೀರಿನ ಎರಡರಷ್ಟು ಉಪ್ಪು. ನನ್ನ ಕೆಲಸ ಎರಡೂ ಕಡೆಯ ನೀರನ್ನು ಉಪ್ಪು ತೋರಿಸುವ ಮೀಟರಿನಲ್ಲಿ ಅಳೆದು ಬರೆಯುವುದು. ಕೆಲಸಕ್ಕೆ ಸೇರಿದ ಮೊದಲ ದಿನವೇ ಸಾರ್ ಹೇಳಿದ್ದರು: "ನೋಡಮ್ಮಾ, ಎಡಗಡೆದು ಯಾರೂ ಬಾಯಿಗಿಡಬಾರದು. ಅದು ದಾಹ ತೀರಿಸಲ್ಲ, ಮೈಯೊಳಗಿರೋ ನೀರನ್ನೂ ಎಳ್ಕೊಂಡು ಹೋಗುತ್ತೆ. ಚಿಕ್ಕ ಮಕ್ಕಳಿಗಂತೂ ವಿಷ." ನಾನು ತಲೆಯಾಡಿಸಿದ್ದೆ. ನಮ್ಮ ಶೆಡ್ಡಿನಲ್ಲಿ ಚಿಕ್ಕ ಮಕ್ಕಳು ಯಾರಿದ್ದಾರೆ ಎಂದುಕೊಂಡಿದ್ದೆ.

ಮಗು ಇದ್ದದ್ದು ನನ್ನ ಮನೆಯಲ್ಲಿ. ಆಗ ಮಗಳಿಗೆ ಒಂದೂವರೆ ವರ್ಷ. ಅವಳನ್ನು ನೋಡಿಕೊಳ್ಳುತ್ತಿದ್ದವರು ನನ್ನ ಅತ್ತೆ. ಅತ್ತೆಗೆ ಬಿಪಿ ಇತ್ತು, ಮಂಡಿ ನೋವಿತ್ತು, ಆದರೂ ನಾನು ಕೆಲಸದಿಂದ ಬರುವಷ್ಟರಲ್ಲಿ ಮಗುವಿಗೆ ಸ್ನಾನ, ಊಟ, ನಿದ್ದೆ ಎಲ್ಲ ಆಗಿರುತ್ತಿತ್ತು. ಆ ವರ್ಷ ನಮ್ಮೂರಿನ ಹೆಂಗಸರೆಲ್ಲ ಸೇರಿ ಬಸ್ಸು ಮಾಡಿಕೊಂಡು ರಾಮೇಶ್ವರಕ್ಕೆ ಹೊರಟರು. ಅತ್ತೆ ಹುಟ್ಟಿದಾಗಿನಿಂದ ಸಮುದ್ರ ಕಂಡವರಲ್ಲ. ಹೆಸರು ಕೊಟ್ಟಿದ್ದರು, ಕೊನೆಗೆ ಹೋಗಲಿಲ್ಲ. ಮಗುವನ್ನು ಯಾರು ನೋಡುತ್ತಾರೆ? "ಸಮುದ್ರ ಎಲ್ಲಿಗೋಯ್ತದೆ ಬಿಡವ್ವಾ, ಅಲ್ಲೇ ಇರ್ತದೆ" ಎಂದರು. ಬಸ್ಸು ಹೊರಟ ದಿನ ಕೊಟ್ಟಿಗೆಯಲ್ಲಿ ಏನೋ ಕೆಲಸ ಇರುವಂತೆ ಬಹಳ ಹೊತ್ತು ಒಳಗೇ ಇದ್ದರು. ನನಗೆ ಅದು ಅರ್ಥವಾಯಿತು. ಆದರೂ ನಾನು ರಜೆ ಹಾಕುತ್ತೇನೆ, ನೀವು ಹೋಗಿ ಎಂದು ಹೇಳಲಿಲ್ಲ.

ಅಮಾವಾಸ್ಯೆ ಹತ್ತಿರ ಬಂದಾಗ ಅವರೇ ಕೇಳಿದರು. "ಅಲ್ಲ ಕಣವ್ವಾ, ದಿನಾ ಸಮುದ್ರದ ನೀರಲ್ಲೇ ಕೈಯಾಡಿಸ್ತೀಯ. ನಂಗೊಂದು ಕ್ಯಾನು ತಂದ್ಕೊಡು. ಅಮಾಸೆ ದಿನ ತಲೆ ಮೇಲೆ ಹೊಯ್ಕೊಂತೀನಿ. ಸಮುದ್ರ ಸ್ನಾನ ಆದಂಗಾಯ್ತು."

ಸಾರ್ ಹತ್ತಿರ ಕೇಳಿದ್ದರೆ ಡ್ರಮ್ಮಿನಿಂದ ಐದು ಲೀಟರ್ ಕೊಡುತ್ತಿದ್ದರು. ನಾನು ಕೇಳಲಿಲ್ಲ. ಅತ್ತೆಯ ಸ್ನಾನಕ್ಕೆ ಎಂದರೆ ಅಲ್ಲಿನ ಹುಡುಗರು ಆಡಿಕೊಂಡು ನಗುತ್ತಾರೆ ಎಂಬ ಸಂಕೋಚ. ಎಡಗಡೆಯದು ಹೇಗೂ ಚೆಲ್ಲುವ ನೀರು. ಅದೂ ಸಮುದ್ರದಿಂದಲೇ ಬಂದದ್ದಲ್ಲವೇ? ತಲೆಗೆ ಹೊಯ್ದುಕೊಳ್ಳುವುದಕ್ಕೆ ಯಾವುದಾದರೇನು? ಸಂಜೆ ಎಲ್ಲರೂ ಕೈತೊಳೆಯಲು ಹೋದಾಗ ಎಡಗಡೆ ನಲ್ಲಿಗೆ ಕ್ಯಾನು ಹಿಡಿದು ತುಂಬಿಸಿಕೊಂಡು ಬಂದೆ.

"ತಗೊಳ್ಳಿ ಅತ್ತೆ, ನಿಮ್ಮ ಸಮುದ್ರ" ಎಂದೆ. ಅವರು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. "ಡ್ರಮ್ಮಿಂದೇ ತಾನೇ? ಮುಟ್ಟುಚಿಟ್ಟು ಏನೂ ಆಗಿಲ್ಲ ತಾನೇ?" ಎಂದು ಕೇಳಿದರು. "ಡ್ರಮ್ಮಿಂದೇ, ನಾನೇ ಹಿಡ್ಕೊಂಡು ಬಂದೆ" ಎಂದೆ. ಆಮೇಲೆ ಎಚ್ಚರಿಕೆಯನ್ನೂ ಹೇಳಿದೆ. "ಕುಡಿಯೋಕಲ್ಲ ಅತ್ತೆ, ಉಪ್ಪು ನೀರು."

ಆ ಮಾತು ನನ್ನ ತಪ್ಪು. ನಮ್ಮ ಸೀಮೆಯಲ್ಲಿ ಕೊಳವೆಬಾವಿಯ ನೀರಿಗೂ ಉಪ್ಪು ನೀರು ಎಂದೇ ಹೆಸರು. ಬೇಳೆ ಬೇಯದ, ಸೋಪು ನೊರೆ ಬಿಡದ, ಬಿಂದಿಗೆಗೆ ಬಿಳಿ ಕರೆ ಕಟ್ಟುವ ಗಡಸು ನೀರು ಅದು. ಬಾಯಿಗೆ ರುಚಿಯಿಲ್ಲ, ಕುಡಿದರೆ ಏನೂ ಆಗುವುದಿಲ್ಲ. ಅತ್ತೆ ನಕ್ಕರು. "ಉಪ್ಪು ನೀರು ನಮಗೇನು ಹೊಸದೇನವ್ವಾ? ಅದನ್ನ ಕುಡ್ಕೊಂಡೇ ಮುದುಕಿ ಆಗಿದ್ದೀನಿ." ನಾನೂ ನಕ್ಕೆ. ಕ್ಯಾನಿಗೆ ಕುಂಕುಮ ಇಟ್ಟು ದೇವರ ಮನೆಯಲ್ಲಿ ಇಟ್ಟರು.

ಅಮಾವಾಸ್ಯೆಯ ದಿನ ಅವರದು ಒಪ್ಪೊತ್ತು. ಮಧ್ಯಾಹ್ನದ ಪೂಜೆ ಮುಗಿಯುವವರೆಗೆ ತೀರ್ಥ ಬಿಟ್ಟು ಬೇರೆ ನೀರನ್ನು ಹಲ್ಲಿಗೆ ಸೋಕಿಸುವುದಿಲ್ಲ. ನಾನು ಎಂದಿನಂತೆ ಬೆಳಿಗ್ಗೆಯೇ ಹೊರಟೆ. ಹನ್ನೊಂದು ಗಂಟೆ ಹೊತ್ತಿಗೆ, ಮೀಟರು ತೊಳೆಯುತ್ತಿದ್ದಾಗ, ಫೋನು ಬಂತು.

"ಮಗು ಎರಡು ಸಲ ಕಕ್ಕೊಂಡ್ತು ಕಣವ್ವಾ. ಸುಸ್ತಾದಂಗೆ ಮಲಗೈತೆ. ತೀರ್ಥ ಕೊಟ್ಟಿದ್ದೆ ಅಷ್ಟೇ, ಇನ್ನೇನೂ ಕೊಟ್ಟಿಲ್ಲ."

"ಯಾವ ತೀರ್ಥ?"

"ನೀನು ತಂದಿದ್ದಲ್ಲ, ಅದೇ."

ಮೀಟರನ್ನು ಅಲ್ಲೇ ಬಿಟ್ಟೆ. ಯಾರಿಗೂ ಹೇಳದೆ ಸ್ಕೂಟರ್ ತೆಗೆದೆ. ದಾರಿಯುದ್ದಕ್ಕೂ ಸಾರ್ ಹೇಳಿದ ಒಂದೇ ಮಾತು ಕಿವಿಯಲ್ಲಿ: ಚಿಕ್ಕ ಮಕ್ಕಳಿಗಂತೂ ವಿಷ. ದಾಳಿಂಬೆ ತೋಟದ ಹತ್ತಿರ ಹಸುಗಳು ಅಡ್ಡ ಬಂದವು. ಅವುಗಳ ಹಿಂದಿದ್ದ ತಾತನನ್ನು ನಾನು ಏನೇನು ಬೈದೆನೋ, ದೇವರಿಗೇ ಗೊತ್ತು. ಬೈಯುತ್ತಲೇ ಅಳುತ್ತಿದ್ದೆ. ಆ ತಾತ ಹೆದರಿ ಕೋಲು ಬೀಸಿ ಹಸುಗಳನ್ನು ಬದಿಗೆ ಅಟ್ಟಿದ.

ಮನೆಯಲ್ಲಿ ಮಗು ಅತ್ತೆಯ ತೊಡೆಯ ಮೇಲೆ ಮಲಗಿತ್ತು. ತುಟಿ ಒಣಗಿತ್ತು. ನನ್ನನ್ನು ಕಂಡರೆ ಎಗರಿ ಬರುವ ಮಗು ಕಣ್ಣು ಅರ್ಧ ತೆರೆದು ಕೊಂಯ್ ಎಂದಿತು, ಅಷ್ಟೇ. ನನಗೆ ಕೈಕಾಲು ಆಡಲಿಲ್ಲ. ಬಾಯಿ ಮಾತ್ರ ಆಡಿತು. "ಕುಡಿಯೋಕಲ್ಲ ಅಂತ ಬಾಯಿಬಿಟ್ಟು ಹೇಳಿದ್ದೆ ತಾನೇ! ಕಿವಿ ಕೇಳಲ್ವಾ ನಿಮಗೆ? ಕೂಸಿನ ಬಾಯಿಗೆ ಹೊಯ್ದಿದ್ದೀರಲ್ಲ, ಏನಾದ್ರೂ ಆದ್ರೆ ನಿಮ್ಮನ್ನ ಸುಮ್ಮನೆ ಬಿಡಲ್ಲ!" ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದು, ತಾವೇ ಬೀದಿಗೆ ಓಡಿ ಆಟೋ ಕರೆದು ತಂದರು. ಹಾಲಿನ ವ್ಯಾನು ಓಡಿಸುವ ಗಂಡನಿಗೆ ಫೋನು ಮಾಡಿ, ಹೊಸಕೋಟೆಗೆ ಬಾ ಎಂದು ಮಾತ್ರ ಹೇಳಿದೆ.

ಆಟೋದಲ್ಲಿ ಮಗುವಿನ ಎದೆಯ ಮೇಲೆ ಕೈಯಿಟ್ಟುಕೊಂಡೇ ಕೂತಿದ್ದೆ. ಉಸಿರು ಏರುತ್ತಿದೆಯೇ, ಇಳಿಯುತ್ತಿದೆಯೇ. ಗುಂಡಿ ಬಂದಾಗಲೆಲ್ಲ ಕೈ ಕದಲಿ ಉಸಿರು ಸಿಗದೆ ನನ್ನ ಉಸಿರೂ ನಿಲ್ಲುತ್ತಿತ್ತು. ನನ್ನ ಚೀಲದಲ್ಲಿ ಒಂದು ಬಾಟಲಿ ನೀರಿತ್ತು. ಮಗುವಿಗೆ ಕುಡಿಸಬೇಕೋ ಬೇಡವೋ ಎಂದು ತಿಳಿಯದೆ ಹಾಗೇ ಹಿಡಿದುಕೊಂಡಿದ್ದೆ. ಅತ್ತೆ ಅದನ್ನೇ ನೋಡುತ್ತಿದ್ದರು.

"ಒಂದು ಗುಟುಕು ನೀರು ಕೊಡವ್ವಾ" ಎಂದರು.

ನಾನು ಕೇಳಿಸದಂತೆ ಇದ್ದೆ. ಸ್ವಲ್ಪ ದೂರ ಹೋದ ಮೇಲೆ ಮತ್ತೆ ಕೇಳಿದರು. ನನಗೆ ಎಲ್ಲಿತ್ತೋ ಸಿಟ್ಟು. "ಉಪ್ಪು ತಿಂದೋರು ನೀರು ಕುಡೀಲೇಬೇಕು ಅತ್ತೆ. ಮಾಡಿದ್ದೀರಿ, ಅನುಭವಿಸಿ. ಕೂಸಿನ ಜೀವ ಇಲ್ಲಿ ತೂಗಾಡ್ತಿದೆ, ನಿಮಗೆ ನಿಮ್ಮ ದಾಹ!" ಎಂದೆ. ಆಟೋದವನು ಕನ್ನಡಿಯಲ್ಲಿ ನನ್ನನ್ನು ನೋಡಿದ. ಅತ್ತೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಹೊರಗೆ ತಿರುಗಿ ಕೂತರು. ಮತ್ತೆ ಕೇಳಲಿಲ್ಲ.

ಆಸ್ಪತ್ರೆಯಲ್ಲಿ ಇದ್ದ ಡಾಕ್ಟರ್ ಮೇಡಂ ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಮಗುವಿನ ಕಣ್ಣು, ನಾಲಿಗೆ ನೋಡುತ್ತಲೇ ಕೇಳಿದರು. "ಏನು ಕುಡಿಸಿದ್ರಿ?"

"ಸಮುದ್ರದ ನೀರು ತಾಯಿ. ಎರಡು ಚಮಚ" ಎಂದರು ಅತ್ತೆ.

"ಸಮುದ್ರದ ನೀರಾ? ಇಲ್ಲೆಲ್ಲಿಂದ ಬಂತು? ಬರೀ ಸಮುದ್ರದ ನೀರೇನಾ, ಅದಕ್ಕೆ ಏನಾದ್ರೂ ಸೇರಿತ್ತಾ?" ಮೇಡಂ ನನ್ನ ಕಡೆ ತಿರುಗಿದರು. "ನೀವು ಹೇಳಿ. ಸರಿಯಾಗಿ ಗೊತ್ತಾಗಬೇಕು ನನಗೆ."

ಅಷ್ಟರಲ್ಲಿ ಗಂಡ ಬಂದು ಬಾಗಿಲಲ್ಲಿ ನಿಂತಿದ್ದ. ಅಂಗಿಯ ಮೇಲೆ ಹಾಲಿನ ಕಲೆ, ಮುಖ ಬಿಳಿಚಿಕೊಂಡಿತ್ತು. ಅತ್ತೆ ನನ್ನನ್ನೇ ನೋಡುತ್ತಿದ್ದರು, ಹೌದು ಸಮುದ್ರದ ನೀರೇ ಎಂದು ನಾನು ಹೇಳುತ್ತೇನೆ ಎಂಬ ನಂಬಿಕೆಯಿಂದ. ಹೇಳಿದರೆ ಇವರಿಬ್ಬರಿಗೂ ಗೊತ್ತಾಗುತ್ತದೆ. ಹೇಳದಿದ್ದರೆ ಮಗುವಿನ ಮೈಗೆ ಎಷ್ಟು ಉಪ್ಪು ಹೋಗಿದೆ ಎಂದು ಡಾಕ್ಟರಿಗೆ ಗೊತ್ತಾಗುವುದಿಲ್ಲ. ತಾಯಿಯಾದವಳು ಇಂಥ ಕಡೆ ಒಂದು ಗಳಿಗೆಯೂ ಯೋಚಿಸುವುದಿಲ್ಲ ಎನ್ನುತ್ತಾರೆ. ಸುಳ್ಳು. ನಾನು ಯೋಚಿಸಿದೆ. ಮಗು ಮಂಚದ ಮೇಲೆ ಮಲಗಿತ್ತು, ನಾನು ನನ್ನ ಮರ್ಯಾದೆಯನ್ನು ಲೆಕ್ಕ ಹಾಕುತ್ತಿದ್ದೆ.

"ಸಮುದ್ರದ ನೀರಲ್ಲ ಮೇಡಂ" ಎಂದೆ ಕೊನೆಗೆ. "ಸಿಹಿ ನೀರು ತೆಗೆದ ಮೇಲೆ ಉಳಿಯೋದು. ಚೆಲ್ಲೋ ನೀರು. ಸಮುದ್ರದ್ದಕ್ಕಿಂತ ಎರಡರಷ್ಟು ಉಪ್ಪಿರುತ್ತೆ."

ಮೇಡಂ ಬೇರೇನೂ ಕೇಳದೆ ನರ್ಸನ್ನು ಕರೆದರು, ರಕ್ತ ತೆಗೆಯಲು ಹೇಳಿದರು. ಮಗು ಸೂಜಿಗೆ ಕಿರುಚಿತು. ಆ ಕಿರುಚು ಕೇಳಿ ನನಗೆ ಒಂಚೂರು ಜೀವ ಬಂತು. ಗಂಡ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ. "ನಮ್ಮವ್ವಂಗೆ ತೀರ್ಥ ಅಂತ ಕೊಟ್ಟಿದ್ದು ಚರಂಡಿಗೆ ಬಿಡೋ ನೀರಾ?" ಅವನು ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆ. ಅವನು ಕೂಗಲಿಲ್ಲ. ನನಗೆ ಅವನ ಮುಖ ನೋಡಲು ಭಯವಾಯಿತು. ಅತ್ತೆ ಆ ಮಾತು ಕೇಳಿಸಿಕೊಂಡರು. ಗೋಡೆ ಹಿಡಿದುಕೊಂಡು ಹೊರಗೆ ಹೋಗಿ ಬೆಂಚಿನ ಮೇಲೆ ಕೂತರು.

ರಕ್ತದ ರಿಪೋರ್ಟು ಬರುವವರೆಗೆ ನಾನು ಎಷ್ಟು ದೇವರಿಗೆ ಹರಕೆ ಹೊತ್ತೆ ಎಂದು ಹೇಳಿದರೆ ನಗುತ್ತೀರಿ. ಹೊತ್ತ ಹರಕೆಯನ್ನೇ ಮತ್ತೆ ಹೊತ್ತೆ. ಮಗುವಿನ ಕಾಲ ಬೆರಳುಗಳನ್ನು ಒಂದೊಂದಾಗಿ ಮುಟ್ಟುತ್ತಾ ಕೂತೆ. ಕೊನೆಗೆ ಮೇಡಂ ಕಾಗದ ಹಿಡಿದು ಬಂದರು. "ಮಗು ಪರವಾಗಿಲ್ಲ. ಬಾಯಿಗೆ ಹಾಕಿದ್ದನ್ನ ಉಗಿದಿರಬೇಕು, ಹೋಗಿದ್ದೂ ವಾಂತಿಯಲ್ಲಿ ಬಂದಿದೆ. ಇವತ್ತೊಂದು ದಿನ ಇಲ್ಲೇ ಇರಲಿ" ಎಂದರು. ನಾನು ನೆಲದ ಮೇಲೆ ಕೂತುಬಿಟ್ಟೆ. ಗಂಡ ಗೋಡೆಗೆ ಮುಖ ಮಾಡಿ ಕಣ್ಣೊರೆಸಿಕೊಂಡ.

ಅತ್ತೆಗೆ ಹೇಳಬೇಕು ಎಂದು ಹೊರಗೆ ಓಡಿದೆ. "ಅತ್ತೆ, ಪಾಪು ಚೆನ್ನಾಗಿದ್ದಾಳಂತೆ" ಎಂದೆ. ಅವರು ಗೋಡೆಗೆ ಒರಗಿ ಕೂತಿದ್ದರು. ಬಾಯಿ ತೆರೆದಿತ್ತು, ಉಸಿರು ಗೊರಗೊರ ಎನ್ನುತ್ತಿತ್ತು. ನನ್ನ ಕಡೆ ನೋಡಿದರು, ಆದರೆ ನನ್ನನ್ನು ನೋಡಲಿಲ್ಲ.

"ಮಳೆ ಬರ್ತಾ ಐತೆ" ಎಂದರು. "ಒಣಗಾಕಿರೋ ಬಟ್ಟೆ ತೆಗಿಯವ್ವಾ."

ಹೊರಗೆ ಬಿಸಿಲು ರಣಗುಡುತ್ತಿತ್ತು. ನಾನು ಅವರ ಭುಜ ಹಿಡಿದು ಅಲುಗಾಡಿಸಿದೆ. ಕತ್ತು ಒಂದು ಕಡೆಗೆ ವಾಲಿತು. "ಮೇಡಂ!" ಎಂದು ನಾನು ಕಿರುಚಿದ್ದು ಗೇಟಿನವರೆಗೂ ಕೇಳಿಸಿತಂತೆ.

ಸ್ಟ್ರೆಚರಿನ ಮೇಲೆ ಮಲಗಿಸಿ ಬಿಪಿ ನೋಡಿದ ಮೇಡಂ ಮುಖ ಬದಲಾಯಿತು. "ಇವರೂ ಕುಡಿದ್ರಾ ಅದನ್ನ? ಅಮ್ಮಾ, ಕೇಳಿಸ್ತಾ? ನೀವೂ ಕುಡಿದ್ರಾ?" ಎಂದು ಕೆನ್ನೆ ತಟ್ಟಿದರು. ಅತ್ತೆ ಕಣ್ಣು ಬಿಟ್ಟು ತುಂಡು ತುಂಡಾಗಿ ಹೇಳಿದರು. ತಲೆಗೆ ಹೊಯ್ದುಕೊಂಡು, ಒಂದು ಚೊಂಬು ತೀರ್ಥಕ್ಕೆಂದು ದೇವರ ಮುಂದೆ ತೆಗೆದಿಟ್ಟಿದ್ದರಂತೆ. ಮಗು ಬಾಯಿಗೆ ಹಾಕಿದ್ದನ್ನು ಉಗಿಯಿತಂತೆ, ಮತ್ತೆ ಬಾಯಿ ತೆರೆಯಲಿಲ್ಲವಂತೆ. ಚೊಂಬಿನಲ್ಲಿ ತೀರ್ಥ ಉಳಿಯಿತು. ತೀರ್ಥ ತುಳಿಯುವ ಕಡೆ ಚೆಲ್ಲಬಾರದು. ತುಳಸಿಗೆ ಹಾಕೋಣ ಎಂದು ಕಟ್ಟೆಯವರೆಗೂ ಹೋದರಂತೆ.

"ಉಪ್ಪಿನ ನೀರು... ಗಿಡ ಒಣಗೋಯ್ತದಲ್ಲ" ಎಂದರು. "ಅದಕ್ಕೆ ನಾನೇ ಕುಡ್ದೆ."

"ಎಷ್ಟು ಕುಡಿದ್ರಿ?"

"ಚೊಂಬಿನಾಗಿದ್ದಷ್ಟೂ."

"ಯಾಕವ್ವಾ ಆಗಲೇ ಹೇಳಲಿಲ್ಲ?" ಎಂದು ಗಂಡ ಅವರ ಕೈ ಹಿಡಿದು ಕೇಳಿದ. "ಮಗೀನ ನೋಡ್ಲಿ ಅಂತ" ಎಂದು ಎಲ್ಲೋ ನೋಡುತ್ತಾ ಅಂದರು. ಗಿಡಕ್ಕೆ ಆಗದ್ದು ತಮಗೆ ಆಗುತ್ತದೆ ಎಂದು ಅವರು ಅಂದುಕೊಂಡದ್ದು ಹೇಗೆ? ನನ್ನ ಚೀಲದಲ್ಲಿ ಆ ಬಾಟಲಿ ಹಾಗೇ ಇತ್ತು, ತುಂಬಿದ ಹಾಗೇ. ಎರಡು ಸಲ ಕೇಳಿದ್ದರು. ನಾನು ಗಾದೆ ಹೇಳಿದ್ದೆ.

ಮೂರು ದಿನ ಅವರು ಐಸಿಯುನಲ್ಲಿದ್ದರು. ಒಳಗಿನ ಉಪ್ಪನ್ನು ಒಮ್ಮೆಲೇ ಇಳಿಸುವಂತಿಲ್ಲ, ಇಳಿಸಿದರೆ ಮಿದುಳಿಗೆ ಪೆಟ್ಟು, ಹಾಗೇ ಬಿಟ್ಟರೆ ಎದೆಗೆ ಪೆಟ್ಟು, ನಿಧಾನವಾಗಿಯೇ ಆಗಬೇಕು ಎಂದರು ಮೇಡಂ. ಬಾಗಿಲಿನ ಗಾಜಿನಿಂದ ನೋಡಿದರೆ ಬಾಟಲಿಯಿಂದ ಹನಿ ಬೀಳುವುದು ಕಾಣುತ್ತಿತ್ತು. ಶೆಡ್ಡಿನಲ್ಲಿ ನೀರು ಅಳೆಯುವುದೇ ನನ್ನ ಕೆಲಸ, ಆದರೆ ಅಲ್ಲಿ ಹನಿ ಎಣಿಸಲು ಧೈರ್ಯ ಬರಲಿಲ್ಲ. ಒಂದು ಹನಿಗೂ ಇನ್ನೊಂದು ಹನಿಗೂ ನಡುವೆ ಸ್ವಲ್ಪ ತಡವಾದರೂ ಬಾಗಿಲು ತಟ್ಟಲು ಕೈ ಎತ್ತುತ್ತಿದ್ದೆ. ನರ್ಸು ಹೊರಗೆ ಬಂದರೆ ಎದ್ದು ನಿಲ್ಲುತ್ತಿದ್ದೆ, ಅವಳು ಬೇರೆಯವರ ಹೆಸರು ಕರೆದರೆ ಕೂರುತ್ತಿದ್ದೆ. ಅತ್ತೆ ಹೋಗಿಬಿಟ್ಟರೆ ಊರಿಗೆ ಏನು ಹೇಳುವುದು ಎಂದೂ ಯೋಚನೆ ಬಂತು. ಬಂದದ್ದಕ್ಕೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಂಡೆ. ಪಕ್ಕದಲ್ಲಿದ್ದ ಹೆಂಗಸು ಏನೋ ಆಗಿದೆ ಇವಳಿಗೆ ಎಂಬಂತೆ ದೂರ ಸರಿದು ಕೂತಳು. ಗಂಡ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಕಾರಿಡಾರಿನ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದ, ನನ್ನ ಹತ್ತಿರ ಬಂದಾಗ ಮಾತ್ರ ಬೇರೆ ಕಡೆ ನೋಡುತ್ತಿದ್ದ.

ನಾಲ್ಕನೆಯ ದಿನ ವಾರ್ಡಿಗೆ ತಂದರು. ಮುಖ ಬತ್ತಿತ್ತು, ಮಾತು ಸರಿಯಾಗಿತ್ತು. ಮಗು ಹೇಗಿದೆ ಎಂದು ಕೇಳಿದರು, ದನಕ್ಕೆ ಯಾರು ಹುಲ್ಲು ಹಾಕುತ್ತಿದ್ದಾರೆ ಎಂದು ಕೇಳಿದರು. ಸ್ವಲ್ಪ ಸ್ವಲ್ಪ ನೀರು ಕೊಡಬಹುದು ಎಂದರು ನರ್ಸು. ನಾನು ಲೋಟಕ್ಕೆ ನೀರು ಬಗ್ಗಿಸಿದೆ. ಕ್ಷಮೆ ಕೇಳಬೇಕು ಎಂದು ಮೂರು ದಿನದಿಂದ ಮಾತು ಜೋಡಿಸಿಕೊಂಡಿದ್ದೆ, ಒಂದೂ ಬರಲಿಲ್ಲ. ಅವರ ತಲೆ ಎತ್ತಿ ಹಿಡಿದು ಲೋಟವನ್ನು ತುಟಿಗಿಟ್ಟೆ.

ಅವರು ಕುಡಿಯಲಿಲ್ಲ. ತುಟಿ ಬಿಗಿಹಿಡಿದು ನನ್ನ ಮುಖ ನೋಡಿದರು.

"ಇದು ಯಾವ ನೀರವ್ವಾ?" ಎಂದರು.

ಅದರಲ್ಲಿ ಕುಟುಕು ಇರಲಿಲ್ಲ, ಸಿಟ್ಟೂ ಇರಲಿಲ್ಲ. ಸಿಟ್ಟು ಮಾಡಿದ್ದರೆ ಕಾಲು ಹಿಡಿಯುತ್ತಿದ್ದೆ. ನನ್ನನ್ನು ಕಂಡು ಊರೇ ಹೆದರಿದರೂ ಹೆದರದಿದ್ದ ಹೆಂಗಸು ಈಗ ನನ್ನ ಕೈಲಿದ್ದ ಲೋಟಕ್ಕೆ ಹೆದರಿದ್ದರು. ನಾನು ಅವರ ಕಣ್ಣೆದುರಿಗೇ ಒಂದು ಗುಟುಕು ಕುಡಿದೆ. ಆಮೇಲೆ ಅವರು ಬಾಯಿ ತೆರೆದರು.

ನಾನು ಕೆಲಸ ಬಿಡಲಿಲ್ಲ. ಪೆಟ್ಟಿಗೆ ಕೆಟ್ಟದ್ದಲ್ಲ, ಅದು ಹೇಳಿದಂತೆಯೇ ಕೆಲಸ ಮಾಡುತ್ತದೆ. ಸಾರ್‌ಗೆ ಎಲ್ಲವನ್ನೂ ಹೇಳಿದೆ. ಪೆಟ್ಟಿಗೆಯ ಎಡಗಡೆ ಉಪ್ಪು ನೀರು ಎಂದು ಬರೆಯಬೇಡಿ ಸಾರ್, ನಮ್ಮ ಕಡೆ ಅದನ್ನ ಕುಡಿಯುತ್ತಾರೆ ಎಂದೆ. ಅವರು, ಇನ್ನೇನು ಬರೆಯಬೇಕು ನೀವೇ ಹೇಳಿ ಎಂದರು. ಈಗ ಅಲ್ಲಿ ವಿಷ ಎಂದು ಬರೆದಿದೆ.

ಅತ್ತೆ ಮನೆಯಲ್ಲಿದ್ದಾರೆ. ಅಡುಗೆ ಮಾಡುತ್ತಾರೆ, ನನ್ನ ಮೇಲೆ ರೇಗುತ್ತಾರೆ, ನಗುತ್ತಾರೆ. ಸಮುದ್ರದ ಸುದ್ದಿ ಎತ್ತುವುದಿಲ್ಲ. ಗಂಡನೂ ಮಾತಾಡುತ್ತಾನೆ. ಆದರೆ ನಾನು ನೀರು ಕೊಟ್ಟಾಗ ಅತ್ತೆ ಈಗಲೂ ಕೇಳುತ್ತಾರೆ, ಕೇಳುತ್ತಿದ್ದೇನೆ ಎಂಬುದು ಅವರಿಗೇ ಗೊತ್ತಿದೆಯೋ ಇಲ್ಲವೋ. ಮಗಳು ಮಾತು ಕಲಿಯುತ್ತಿದ್ದಾಳೆ. ದಿನವೂ ಕೇಳಿ ಕೇಳಿ, ನೀರು ಕುಡಿಯುವ ಮುಂಚೆ ಹಾಗೆ ಹೇಳಬೇಕು ಎಂದುಕೊಂಡಿದ್ದಾಳೆ. ಲೋಟ ಕೊಟ್ಟರೆ ಅಜ್ಜಿಯ ಹಾಗೆಯೇ ನನ್ನ ಮುಖ ನೋಡಿ, "ಇದು ಯಾವ ನೀಲು?" ಎನ್ನುತ್ತಾಳೆ. ನಾನು ಒಂದು ಗುಟುಕು ಕುಡಿದು ತೋರಿಸುತ್ತೇನೆ. ಆಮೇಲೆ ಕುಡಿಯುತ್ತಾಳೆ.